ತೌಡಿನ ಎಣ್ಣೆ ಸ್ಯಾಂಪಲ್ ಓಡಿಸಿದಷ್ಟೂ ಪೀಕ್ ಏರಿಯಾ ಕುಸಿಯುತ್ತಿದೆ, ಎಲ್ಲಿಂದ ನೋಡಲಿ?

ಕೃಷ್ಣಾ ತೀರ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಒಂದು ಖಾಸಗಿ ಲ್ಯಾಬ್‌ನಲ್ಲಿ ಕೀಟನಾಶಕ ಉಳಿಕೆಯ ಪರೀಕ್ಷೆ ಮಾಡುತ್ತೇನೆ. ಇಷ್ಟು ದಿನ ನಮಗೆ ಹೆಚ್ಚಾಗಿ ಬರುತ್ತಿದ್ದದ್ದು ಅಕ್ಕಿ, ತೊಗರಿ, ತರಕಾರಿ. ಈ ಹಂಗಾಮಿನಿಂದ ತೌಡು ಮತ್ತು ತೌಡಿನ ಎಣ್ಣೆ ಜಾಸ್ತಿ ಬರುತ್ತಿವೆ. ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯ ಸ್ಯಾಂಪಲ್‌ಗಳು.

ಯಂತ್ರ ಜಿಸಿ-ಎಂಎಸ್ (ಸ್ಯಾಂಪಲ್ ಆವಿ ಮಾಡಿ, ಉದ್ದದ ಕಾಲಮ್‌ನಲ್ಲಿ ಬೇರ್ಪಡಿಸಿ, ಅಯಾನುಗಳ ತೂಕದ ಮೇಲೆ ಗುರುತಿಸುವುದು), ಸಿಂಗಲ್ ಕ್ವಾಡ್. ಕಾಲಮ್ 30 ಮೀಟರ್, 0.25 ಮಿಮೀ, 5-ಎಂಎಸ್. ಇನ್‌ಲೆಟ್ (ಸ್ಯಾಂಪಲ್ ಆವಿಯಾಗುವ ಬಾಯಿ) 250 ಡಿಗ್ರಿ, ಸ್ಪ್ಲಿಟ್‌ಲೆಸ್, ಅಂದರೆ ಆವಿಯನ್ನು ಪಾಲು ಮಾಡದೆ ಕಾಲಮ್‌ಗೆ ಬಿಡುವುದು. ಇನ್‌ಲೆಟ್ ಒಳಗಿನ ಗಾಜಿನ ಕೊಳವೆ, ಅಂದರೆ ಲೈನರ್, 4 ಮಿಮೀ, ಒಳಗೆ ಗ್ಲಾಸ್ ವೂಲ್ ಇದೆ. ಕೊನೆಯ ದ್ರಾವಣ ಅಸಿಟೋನೈಟ್ರೈಲ್‌ನಲ್ಲಿ, 2 ಮೈಕ್ರೋಲೀಟರ್ ಇಂಜೆಕ್ಷನ್. ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಕೆಗೆ ಪ್ರತಿ ವಯಲ್‌ಗೂ ಸಮವಾಗಿ ಸೇರಿಸುವ ವಸ್ತು) ಟ್ರೈಫಿನೈಲ್ ಫಾಸ್ಫೇಟ್, ನಾವು ಟಿಪಿಪಿ ಅನ್ನುತ್ತೇವೆ.

ಸೀಕ್ವೆನ್ಸ್ ಶುರುವಿನಲ್ಲಿ ಎಲ್ಲ ಚೆನ್ನಾಗಿರುತ್ತದೆ. ಸುಮಾರು 20 ಎಣ್ಣೆ ಸ್ಯಾಂಪಲ್ ಓಡಿದ ಮೇಲೆ ಮತ್ತೆ ಅದೇ ಸ್ಟ್ಯಾಂಡರ್ಡ್ (ಕೀಟನಾಶಕದ ಪ್ರಮಾಣ ಗೊತ್ತಿರುವ ದ್ರಾವಣ) ಹಾಕಿದರೆ ಪೀಕ್ ಏರಿಯಾ, ಅಂದರೆ ಯಂತ್ರ ಕಂಡ ಪ್ರಮಾಣ, ಇಳಿದಿರುತ್ತದೆ. ಎಲ್ಲವೂ ಒಂದೇ ಸಮ ಇಳಿದಿದ್ದರೆ ಇಂಟರ್ನಲ್ ಸ್ಟ್ಯಾಂಡರ್ಡ್ ಸರಿ ಮಾಡುತ್ತಿತ್ತು. ಆದರೆ ಹಾಗಿಲ್ಲ. ಡೆಲ್ಟಾಮೆಥ್ರಿನ್ ತೀರಾ ಬಿದ್ದುಹೋಗುತ್ತದೆ. ಡಿಟೆಕ್ಟರ್ ಸೋರ್ಸ್ (ಅಣುಗಳನ್ನು ಅಯಾನು ಮಾಡುವ ಭಾಗ) ತೊಳೆಸಿ ಅಂತ ಒಬ್ಬರು ಹೇಳುತ್ತಾರೆ, ಕಾಲಮ್ ಬದಲಿಸಿ ಅಂತ ಇನ್ನೊಬ್ಬರು. ಎರಡೂ ದುಬಾರಿ. ಮೊದಲು ಯಾವುದನ್ನು ನೋಡಬೇಕು?

ಹಳೇ ಜಿಸಿ

ಯಾವುದನ್ನೂ ಬಿಚ್ಚಬೇಡಿ, ಮೇಡಂ. ಮೊದಲು ಇಷ್ಟು ಹೇಳಿ. ಕೊನೆಯಲ್ಲಿ ಹಾಕಿದ ಸ್ಟ್ಯಾಂಡರ್ಡ್ ಬರೀ ದ್ರಾವಕದಲ್ಲಿದ್ದದ್ದಾ, ಇಲ್ಲಾ ತೌಡಿನ ಸಾರದಲ್ಲಿ ಕಲಸಿದ್ದಾ? ಟಿಪಿಪಿಯನ್ನು ಎಲ್ಲಿ ಸೇರಿಸುತ್ತೀರಿ, ಸ್ಯಾಂಪಲ್ ತೂಗಿದ ಕೂಡಲೇ ಅಥವಾ ಕೊನೆಗೆ ವಯಲ್‌ನಲ್ಲಿ? ಮತ್ತೆ, ಮೊದಲ ಸ್ಟ್ಯಾಂಡರ್ಡ್ 100 ಅಂತ ಇಟ್ಟುಕೊಂಡು, ಕೊನೆಯ ಸ್ಟ್ಯಾಂಡರ್ಡ್‌ನಲ್ಲಿ ಪ್ರತಿ ಪೀಕ್ ಎಷ್ಟಕ್ಕೆ ನಿಂತಿದೆ ಅಂತ ಹೊರಬರುವ ಕ್ರಮದಲ್ಲಿಯೇ ಬರೆಯಿರಿ. ಆ ಕ್ರಮದಲ್ಲೇ ಅರ್ಧ ಉತ್ತರ ಇರುತ್ತದೆ.

ಗಂಗಾವತಿ ತೌಡು

ಅಕ್ಕಾ, ನಮ್ಮ ಸಾಲ್ವೆಂಟ್ ಪ್ಲಾಂಟ್ ಲ್ಯಾಬ್‌ನಲ್ಲೂ ಇದೇ ಗೋಳು. ಆದರೆ ನಮ್ಮದು ಎಫ್‌ಐಡಿ (ಉರಿಯಲ್ಲಿ ಸುಟ್ಟು ಅಳೆಯುವ ಡಿಟೆಕ್ಟರ್), ಕೊಬ್ಬಿನಾಮ್ಲದ ಮೀಥೈಲ್ ಎಸ್ಟರ್ ನೋಡುವುದು. ಈ ಚರ್ಚೆ ಎಲ್ಲಿಗೆ ಹೋಗುತ್ತದೆ ನೋಡುತ್ತಿರುತ್ತೇನೆ.

ಕೃಷ್ಣಾ ತೀರ

ಸರ್, ಸ್ಟ್ಯಾಂಡರ್ಡ್ ಬರೀ ಅಸಿಟೋನೈಟ್ರೈಲ್‌ನಲ್ಲಿ. ಟಿಪಿಪಿ ಕೊನೆಗೆ ವಯಲ್‌ನಲ್ಲಿ ಸೇರಿಸುತ್ತೇವೆ. ನಿನ್ನೆಯ ಸೀಕ್ವೆನ್ಸ್‌ನ ಲೆಕ್ಕ: ಲಿಂಡೇನ್ 96, ಕ್ಲೋರ್‌ಪೈರಿಫಾಸ್ 91, ಬುಪ್ರೊಫೆಜಿನ್ 84, ಟಿಪಿಪಿ 70, ಬೈಫೆಂಥ್ರಿನ್ 72, ಸೈಪರ್‌ಮೆಥ್ರಿನ್ ನಾಲ್ಕೂ ಪೀಕ್ ಸೇರಿ 48, ಡೆಲ್ಟಾಮೆಥ್ರಿನ್ 33.

ಡೆಲ್ಟಾಮೆಥ್ರಿನ್ ಪೀಕ್ ಹಿಂದೆ ಬಾಲ ಬಂದಿದೆ. ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೀಕ್ ಎದ್ದಿದೆ. ಮೊದಲ ಸ್ಟ್ಯಾಂಡರ್ಡ್‌ನಲ್ಲಿ ಅದು ಇರಲಿಲ್ಲ.

ಹಳೇ ಜಿಸಿ

ಇದು ಬಹಳ ಚೆನ್ನಾಗಿ ಬರೆದ ಲೆಕ್ಕ. ಇದನ್ನು ನೋಡಿದ ಮೇಲೆ ಸೋರ್ಸ್ ತೊಳೆಯುವ ಮಾತನ್ನು ಸದ್ಯಕ್ಕೆ ಬಿಡಿ. ಡಿಟೆಕ್ಟರ್ ಕೊಳೆಯಾಗಿದ್ದರೆ ಅದು ಲಿಂಡೇನ್‌ಗೆ ಒಂದು ನ್ಯಾಯ, ಡೆಲ್ಟಾಮೆಥ್ರಿನ್‌ಗೆ ಇನ್ನೊಂದು ನ್ಯಾಯ ಅಂತ ಇಷ್ಟು ಭೇದ ಮಾಡುವುದಿಲ್ಲ. ಸಿರಿಂಜ್ ಕಡಿಮೆ ಎಳೆಯುತ್ತಿದ್ದರೂ ಎಲ್ಲ ಪೀಕ್‌ಗಳೂ ಒಟ್ಟಿಗೆ ಇಳಿಯುತ್ತಿದ್ದವು. ನಿಮ್ಮಲ್ಲಿ ಬೇಗ ಹಾರುವವು ಉಳಿದಿವೆ, ನಿಧಾನಕ್ಕೆ ಹಾರುವವು ಸಿಕ್ಕಿಬೀಳುತ್ತಿವೆ. ಅಂದರೆ ತೊಂದರೆ ಆವಿಯಾಗುವ ಜಾಗದಲ್ಲಿ ಇದೆ. ಲೈನರ್, ಅದರ ಕೆಳಗಿನ ಸೀಲ್, ಕಾಲಮ್‌ನ ಮೊದಲ ಒಂದಿಷ್ಟು ಉದ್ದ.

ಕಾರಣ ಸರಳ. ಎಣ್ಣೆಯ ಮುಖ್ಯ ಕೊಬ್ಬಾದ ಟ್ರೈಗ್ಲಿಸರೈಡ್ 250 ಡಿಗ್ರಿಯಲ್ಲಿ ಆವಿಯಾಗುವುದಿಲ್ಲ. ವೂಲ್ ಮೇಲೆ ಜಿಡ್ಡಿನ ಪದರ ಕಟ್ಟುತ್ತದೆ. ಪೈರೆಥ್ರಾಯ್ಡ್‌ಗಳು (ಬೈಫೆಂಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪು) ಕೊಬ್ಬಿನಲ್ಲಿ ಚೆನ್ನಾಗಿ ಕರಗುವವು. ಅವು ಆ ಪದರದಲ್ಲಿ ಕರಗಿ ಕೂರುತ್ತವೆ, ನಿಮ್ಮ ಒಂದು ನಿಮಿಷದ ಸ್ಪ್ಲಿಟ್‌ಲೆಸ್ ಸಮಯದೊಳಗೆ ಕಾಲಮ್‌ಗೆ ಇಳಿಯುವುದಿಲ್ಲ. ಆಮೇಲೆ ಪರ್ಜ್ (ಉಳಿದ ಆವಿ ಹೊರಹಾಕುವ ದಾರಿ) ತೆರೆದಾಗ ಹೊರಗೆ ಹೋಗುತ್ತವೆ. ಜಿಡ್ಡು ಸುಟ್ಟು ಕರಕಲಾದ ಕಡೆ ಇನ್ನೊಂದು ಕಾಟ. ಆ ಮೇಲ್ಮೈ ಸೂಕ್ಷ್ಮ ಅಣುಗಳನ್ನು ಒಡೆಯುತ್ತದೆ ಅಥವಾ ರೂಪ ಬದಲಿಸುತ್ತದೆ. ನೀವು ಹೇಳಿದ ಆ ಚಿಕ್ಕ ಪೀಕ್ ಬಹುಶಃ ಡೆಲ್ಟಾಮೆಥ್ರಿನ್‌ನದೇ ಇನ್ನೊಂದು ರೂಪ, ಐಸೋಮರ್. ಬಿಸಿ ಇನ್‌ಲೆಟ್‌ನಲ್ಲಿ ಡೆಲ್ಟಾಮೆಥ್ರಿನ್ ಹಾಗೆ ತಿರುಗುವುದು ಗೊತ್ತಿರುವ ಸಂಗತಿ.

ನಂಬಿಕೆ ಬರದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಆಟೋಟ್ಯೂನ್ ಓಡಿಸಿ. ಟ್ಯೂನ್ ಮಾಡುವ ಪಿಎಫ್‌ಟಿಬಿಎ ಆವಿ ನೇರ ಸೋರ್ಸ್‌ಗೆ ಹೋಗುತ್ತದೆ. ಇನ್‌ಲೆಟ್ಟೂ ಇಲ್ಲ, ಕಾಲಮ್ಮೂ ಇಲ್ಲ. 69, 219, 502 ಈ ಮೂರು ಅಯಾನುಗಳ ಪ್ರಮಾಣ ಹಳೇ ವರದಿಯಂತೆಯೇ ಇದ್ದು, ಮಲ್ಟಿಪ್ಲೈಯರ್ ವೋಲ್ಟೇಜ್ ಏರಿಲ್ಲದಿದ್ದರೆ ಡಿಟೆಕ್ಟರ್ ಆರೋಗ್ಯವಾಗಿದೆ ಅಂತ ಅರ್ಥ. ಹತ್ತು ನಿಮಿಷದ ಕೆಲಸ, ಒಂದು ದಿನದ ಸೋರ್ಸ್ ಕ್ಲೀನಿಂಗ್ ಉಳಿಯುತ್ತದೆ.

ಕೊಪ್ಪಳ ಕೆಮ್

ಇಷ್ಟೆಲ್ಲ ಯಾಕೆ? ರಾತ್ರಿ ಇನ್‌ಲೆಟ್ 300, ಓವನ್ 300 ಇಟ್ಟು ಬಿಟ್ಟು ಬನ್ನಿ. ಬೆಳಿಗ್ಗೆ ಸ್ವಚ್ಛ. ನಾವು ಹಾಗೇ ಮಾಡುವುದು.

ಸರ್ವಿಸ್ ಬ್ಯಾಗ್

ಕೊಪ್ಪಳ ಕೆಮ್ ಅವರೇ, ದಯವಿಟ್ಟು ಎಣ್ಣೆ ಸ್ಯಾಂಪಲ್‌ಗೆ ಇದನ್ನು ಹೇಳಬೇಡಿ. ನಾನು ಈ ಭಾಗದಲ್ಲಿ ಯಂತ್ರ ರಿಪೇರಿಗೆ ಓಡಾಡುವವನು. ಹಾಗೆ ರಾತ್ರಿಯಿಡೀ ಬಿಸಿ ಕೊಟ್ಟ ಇನ್‌ಲೆಟ್‌ಗಳನ್ನು ಬಿಚ್ಚಿದ್ದೇನೆ. ವೂಲ್ ಕಪ್ಪಗೆ ಗಟ್ಟಿಯಾಗಿ ಬಾಣಲೆ ತಳದ ಕರಕಲಿನಂತೆ ಕಚ್ಚಿಕೊಂಡಿರುತ್ತದೆ. 300 ಡಿಗ್ರಿಗೆ ಟ್ರೈಗ್ಲಿಸರೈಡ್ ಹಾರುವುದಿಲ್ಲ. ಕಾಲಮ್‌ನಿಂದ ಅದನ್ನು ಹೊರಗೆ ತರಲು 350 ಡಿಗ್ರಿ ದಾಟಬೇಕು, ಅದಕ್ಕೆ ಬೇರೆ ತರದ ಕಾಲಮ್ಮೇ ಇದೆ. ನಿಮ್ಮ 5-ಎಂಎಸ್ ಕಾಲಮ್ ಆ ಶಾಖ ತಡೆಯುವುದಿಲ್ಲ. ಬೇಕ್ ಮಾಡುವುದು ಹಾರುವ ಕೊಳೆಗೆ ಮದ್ದು. ಹಾರದ ಕೊಳೆಗೆ ಅದು ಇನ್ನಷ್ಟು ಅಂಟು.

ಕೊಪ್ಪಳ ಕೆಮ್

ನಮ್ಮ ಸ್ಯಾಂಪಲ್ ನೀರು ಮತ್ತು ಮಣ್ಣು. ಅದಕ್ಕೆ ನಡೆಯುತ್ತದೆ. ಎಣ್ಣೆಗೆ ನಡೆಯುವುದಿಲ್ಲ ಅಂದರೆ ಒಪ್ಪುತ್ತೇನೆ.

ಸರ್ವಿಸ್ ಬ್ಯಾಗ್

ಮಣ್ಣಿಗೆ ಸರಿಯೇ. ಈಗ ಮೇಡಂಗೆ ಒಂದು ಮಾತು. ನೀವು ಬರೆದ ಒಂದು ಅಂಕಿ ನನ್ನ ಕಣ್ಣಿಗೆ ಕಂಡಿದೆ. 2 ಮೈಕ್ರೋಲೀಟರ್ ಅಸಿಟೋನೈಟ್ರೈಲ್. ಇನ್‌ಲೆಟ್ ಒತ್ತಡ ಎಷ್ಟು? 10 ಪಿಎಸ್‌ಐ ಆಸುಪಾಸು ಇದ್ದರೆ ಲೆಕ್ಕ ಹಾಕಿ ನೋಡಿ. 250 ಡಿಗ್ರಿಯಲ್ಲಿ 1 ಮೈಕ್ರೋಲೀಟರ್ ಅಸಿಟೋನೈಟ್ರೈಲ್ ಸುಮಾರು 490 ಮೈಕ್ರೋಲೀಟರ್ ಆವಿ ಆಗುತ್ತದೆ. 2 ಹಾಕಿದರೆ 980. ನಿಮ್ಮ 4 ಮಿಮೀ ಲೈನರ್‌ನ ಒಳಗಿನ ಜಾಗ ಹೆಚ್ಚೂ ಕಡಿಮೆ 900, ಅದರಲ್ಲಿ ವೂಲ್ ಬೇರೆ. ತುಂಬಿ ಮೇಲಕ್ಕೆ ಉಕ್ಕುತ್ತದೆ. ಉಕ್ಕಿದ ಆವಿ ಸೆಪ್ಟಮ್ ತಳಕ್ಕೂ ಗ್ಯಾಸ್ ಬರುವ ಕೊಳವೆಗೂ ಹೋಗಿ ತಣ್ಣಗಾಗಿ ಅಂಟುತ್ತದೆ. ಲೈನರ್ ಎಷ್ಟು ಸಲ ಬದಲಿಸಿದರೂ ಆ ಕೊಳೆ ಹೋಗುವುದಿಲ್ಲ.

ಹೆಕ್ಸೇನ್‌ಗೆ ಇಷ್ಟು ಕಾಟ ಇಲ್ಲ. ಅದೇ ಶಾಖ, ಅದೇ ಒತ್ತಡಕ್ಕೆ 1 ಮೈಕ್ರೋಲೀಟರ್‌ಗೆ ಸುಮಾರು 195 ಅಷ್ಟೇ. ಅದಕ್ಕೇ ಹೆಕ್ಸೇನ್‌ನಿಂದ ಅಸಿಟೋನೈಟ್ರೈಲ್‌ಗೆ ಬದಲಾದ ಲ್ಯಾಬ್‌ಗಳಲ್ಲಿ ಈ ತೊಂದರೆ ಹೊಸದಾಗಿ ಹುಟ್ಟುತ್ತದೆ.

1 ಮೈಕ್ರೋಲೀಟರ್‌ಗೆ ಇಳಿಸಿ. ಸಂವೇದನೆ ಸಾಲದಿದ್ದರೆ ಪಲ್ಸ್ ಕೊಡಿ. ಇಂಜೆಕ್ಷನ್ ಹೊತ್ತಿಗೆ 30 ಪಿಎಸ್‌ಐ ಇಟ್ಟರೆ 2 ಮೈಕ್ರೋಲೀಟರ್ ಕೂಡ ಸುಮಾರು 540ಕ್ಕೆ ನಿಲ್ಲುತ್ತದೆ. ಜೊತೆಗೆ ಆವಿ ಬೇಗ ಕಾಲಮ್‌ಗೆ ಇಳಿಯುವುದರಿಂದ ಡೆಲ್ಟಾಮೆಥ್ರಿನ್‌ನಂಥವು ಬಿಸಿಯಲ್ಲಿ ಕಳೆಯುವ ಸಮಯವೂ ಕಡಿಮೆ.

ಬಳ್ಳಾರಿ ಮೆಣಸಿನಕಾಯಿ

ನನ್ನದು ಉಲ್ಟಾ ಸಮಸ್ಯೆ. ಒಣ ಮೆಣಸಿನಕಾಯಿ ಸ್ಯಾಂಪಲ್. ನಮ್ಮಲ್ಲಿ ಏರಿಯಾ ಏರುತ್ತಾ ಹೋಗುತ್ತದೆ! ಬೆಳಿಗ್ಗೆ ಹಾಕಿದ ಸ್ಟ್ಯಾಂಡರ್ಡ್‌ಗಿಂತ ಮಧ್ಯಾಹ್ನದ್ದು ದೊಡ್ಡದು. ಸ್ಪೈಕ್ ರಿಕವರಿ (ಗೊತ್ತಿರುವಷ್ಟು ಬೆರೆಸಿ ಅಳೆದಾಗ ಸಿಗುವ ಪಾಲು) 140 ಪರ್ಸೆಂಟ್ ಬರುತ್ತದೆ. ಆಡಿಟರ್ ಕೇಳಿದರೆ ಏನು ಹೇಳುವುದು? ಇಲ್ಲೇ ಕೇಳಬಹುದಾ, ಬೇರೆ ಚರ್ಚೆ ಶುರು ಮಾಡಲಾ?

ಹಳೇ ಜಿಸಿ

ಇಲ್ಲೇ ಕೇಳಿ, ಎರಡೂ ಒಂದೇ ಬೇರಿನವು. ಮೊದಲು ಟಿಪಿಪಿ ಏರುತ್ತಿದೆಯಾ ನೋಡಿ. ಟಿಪಿಪಿಯೂ ಉಳಿದವೂ ಒಂದೇ ಪ್ರಮಾಣದಲ್ಲಿ ಏರಿದರೆ ದ್ರಾವಕ ಆರುತ್ತಿದೆ. ಒಮ್ಮೆ ಸೂಜಿ ಚುಚ್ಚಿದ ವಯಲ್ ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಲ್ಲಿ 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಯಂತ್ರ ನಡೆಯುತ್ತದೆ, ಎಸಿ ನಡೆಯುವುದಿಲ್ಲ. ಟ್ರೇ ಮೇಲಿನ ವಯಲ್ ಬಿಸಿಯಾಗುತ್ತದೆ. ಸ್ಟ್ಯಾಂಡರ್ಡ್ ಹೆಕ್ಸೇನ್‌ನಲ್ಲಿದ್ದರೆ ಇನ್ನೂ ಬೇಗ, ಅದು 69 ಡಿಗ್ರಿಗೇ ಕುದಿಯುವುದು. ಪ್ರತಿ ಸ್ಟ್ಯಾಂಡರ್ಡ್‌ಗೂ ಹೊಸ ವಯಲ್ ಇಡಿ, ಒಂದರಿಂದಲೇ ಪದೇ ಪದೇ ಎಳೆಯಬೇಡಿ.

ಟಿಪಿಪಿ ಅಲ್ಲೇ ಇದ್ದು ಕೆಲವು ಮಾತ್ರ ಏರಿದರೆ ಅದು ಬೇರೆ ಕಥೆ. ಹೊಸ ಲೈನರ್‌ನಲ್ಲಿ ಕೆಲವು ಸಕ್ರಿಯ ಬಿಂದುಗಳು ಇರುತ್ತವೆ. ಬರೀ ದ್ರಾವಕದ ಸ್ಟ್ಯಾಂಡರ್ಡ್ ಹಾಕಿದಾಗ ಕೀಟನಾಶಕದ ಒಂದು ಪಾಲನ್ನು ಅವು ನುಂಗುತ್ತವೆ. ಮೆಣಸಿನಕಾಯಿ ಸಾರ ಹೋದ ಮೇಲೆ ಅದರ ಕೊಬ್ಬು, ಬಣ್ಣ ಬಂದು ಆ ಬಿಂದುಗಳನ್ನು ಮುಚ್ಚುತ್ತವೆ. ಕೀಟನಾಶಕ ಪೂರ್ತಿ ದಾಟುತ್ತದೆ, ಏರಿಯಾ ಏರುತ್ತದೆ. ಸ್ಯಾಂಪಲ್‌ನಲ್ಲಿ ಇರುವುದಕ್ಕಿಂತ ಜಾಸ್ತಿ ಲೆಕ್ಕ ಬರುತ್ತದೆ. ಆರ್ಗನೋಫಾಸ್ಫರಸ್ ಗುಂಪಿನವಕ್ಕೆ ಇದು ಹೆಚ್ಚು.

ಇದು ಬರೀ ಅಂಕಿಯ ವಿಷಯ ಅಲ್ಲ. ಒಬ್ಬ ರೈತ ವರ್ಷವಿಡೀ ದುಡಿದು ತಂದ ಮೆಣಸಿನಕಾಯಿ ಚೀಲ ಈ 140 ಪರ್ಸೆಂಟ್‌ನಿಂದ ಫೇಲ್ ಆಗಬಹುದು. ಕೃಷ್ಣಾ ತೀರ ಅವರ 33 ಪರ್ಸೆಂಟ್‌ನಿಂದ ಉಳಿಕೆ ಇರುವ ಎಣ್ಣೆ ಪಾಸ್ ಆಗಬಹುದು. ಅದಕ್ಕೇ ಈ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು.

ಬಳ್ಳಾರಿ ಮೆಣಸಿನಕಾಯಿ

ಟಿಪಿಪಿ ಹೆಚ್ಚೇನೂ ಏರಿಲ್ಲ ಸರ್. ಮೊನೊಕ್ರೊಟೊಫಾಸ್, ಅಸಿಫೇಟ್ ಏರಿವೆ. ಹಾಗಾದರೆ ನೀವು ಹೇಳಿದ ಎರಡನೆಯದು. ಪರಿಹಾರ?

ಹಳೇ ಜಿಸಿ

ಉಳಿಕೆ ಇಲ್ಲದ ಮೆಣಸಿನಕಾಯಿ ಹುಡುಕಿ ಇಟ್ಟುಕೊಳ್ಳಿ. ಅದರ ಸಾರದಲ್ಲೇ ಕ್ಯಾಲಿಬ್ರೇಷನ್ ಮಾಡಿ. ಸೀಕ್ವೆನ್ಸ್ ಶುರುವಿನಲ್ಲಿ ಆ ಖಾಲಿ ಸಾರವನ್ನೇ ಕೆಲವು ಸಲ ಹಾಕಿ ಲೈನರ್ ಪಳಗಿಸಿ, ಆಮೇಲೆ ಸ್ಟ್ಯಾಂಡರ್ಡ್. ಇನ್ನೊಂದು ದಾರಿ, ಸ್ಟ್ಯಾಂಡರ್ಡ್‌ಗೂ ಸ್ಯಾಂಪಲ್‌ಗೂ ಸಾರ್ಬಿಟಾಲ್, ಗುಲೋನೊಲ್ಯಾಕ್ಟೋನ್‌ನಂಥ ರಕ್ಷಕಗಳನ್ನು ಸಮವಾಗಿ ಸೇರಿಸುವುದು. ಅವು ಎರಡರಲ್ಲೂ ಆ ಬಿಂದುಗಳನ್ನು ಒಂದೇ ರೀತಿ ಮುಚ್ಚುತ್ತವೆ. ಅಸಿಫೇಟ್‌ಗೆ ನಾನಾದರೆ ಎಲ್‌ಸಿ-ಎಂಎಸ್ (ಆವಿ ಮಾಡದೆ ದ್ರವದಲ್ಲೇ ಬೇರ್ಪಡಿಸುವ ಯಂತ್ರ) ಕಡೆಗೇ ಹೋಗುತ್ತೇನೆ. ಜಿಸಿಯಲ್ಲಿ ಅದು ಯಾವತ್ತೂ ಹಟಮಾರಿ.

ಕೃಷ್ಣಾ ತೀರ

ಟ್ಯೂನ್ ಮಾಡಿದೆ. ಮೂರೂ ಅಯಾನು ಹಳೇ ವರದಿಯಂತೆಯೇ ಇವೆ, ವೋಲ್ಟೇಜ್ ಬದಲಾಗಿಲ್ಲ. ಸೋರ್ಸ್ ಮುಟ್ಟುವುದಿಲ್ಲ. 28 (ಸಾರಜನಕ) ಮತ್ತು 32 (ಆಮ್ಲಜನಕ) ಕೂಡ ನೋಡಿದೆ, ತೀರಾ ಕಡಿಮೆ ಇವೆ. ಹಾಗಾದರೆ ಗಾಳಿ ಸೋರುತ್ತಿಲ್ಲ ಅಲ್ವಾ?

ಇನ್‌ಲೆಟ್ ತಣ್ಣಗಾದ ಮೇಲೆ ಲೈನರ್ ತೆಗೆದೆ. ವೂಲ್‌ನ ಮೇಲ್ಭಾಗ ಕಂದು, ಅಂಟಂಟು. ಲೈನರ್‌ನ ಒಳಗೋಡೆಯಲ್ಲಿ ವೂಲ್‌ನಿಂದ ಕೆಳಗೆ ಹಳದಿ ಗೆರೆ ಇಳಿದಿದೆ. ಸೆಪ್ಟಮ್ ಕೆಳಗಿನ ಲೋಹದ ಬಟ್ಟಲಿನಲ್ಲೂ ಜಿಡ್ಡು ಇದೆ. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿದರೆ ಹಳದಿ ಹತ್ತಿತು. ಸರ್ವಿಸ್ ಬ್ಯಾಗ್ ಅವರು ಹೇಳಿದ ಉಕ್ಕುವ ಮಾತು ಇದೇ ಇರಬೇಕು.

ಹೊಸ ಲೈನರ್, ಹೊಸ ಸೆಪ್ಟಮ್, ಕೆಳಗಿನ ಸೀಲ್ ಹಾಕಿದೆ. ಇಂಜೆಕ್ಷನ್ 1 ಮೈಕ್ರೋಲೀಟರ್, 30 ಪಿಎಸ್‌ಐ ಪಲ್ಸ್. ಹಿಂದೆ 2 ಮೈಕ್ರೋಲೀಟರ್ ಇದ್ದದ್ದನ್ನು ಲೆಕ್ಕಕ್ಕೆ ಹಿಡಿದು ಹೋಲಿಸಿದರೆ ಸೈಪರ್‌ಮೆಥ್ರಿನ್ 86, ಡೆಲ್ಟಾಮೆಥ್ರಿನ್ 79ಕ್ಕೆ ಬಂದಿವೆ. ಪೂರ್ತಿ ಮರಳಿಲ್ಲ. ಬಾಲ ಸ್ವಲ್ಪ ಉಳಿದಿದೆ.

ಸರ್ವಿಸ್ ಬ್ಯಾಗ್

ಕಾಲಮ್‌ನ ಬಾಯಿಗೆ ಜಿಡ್ಡು ಇಳಿದಿದೆ. ಇನ್‌ಲೆಟ್ ಕಡೆಯಿಂದ 50 ಸೆಂಟಿಮೀಟರ್ ಕತ್ತರಿಸಿ. ಹೊಸ ಕಾಲಮ್ ಬೇಡ. ಕತ್ತರಿಸಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಅಂಚು ನೇರವಾಗಿರಬೇಕು, ಚೂರು ಉಳಿದಿರಬಾರದು. ಫೆರೂಲ್ (ಕಾಲಮ್ ಸುತ್ತ ಬಿಗಿಯುವ ಉಂಗುರ) ಹೊಸದು ಹಾಕಿ. ವೆಸ್ಪೆಲ್ ಸೇರಿದ ಫೆರೂಲ್ ಆದರೆ ಓವನ್ ಒಂದೆರಡು ಸಲ ಬಿಸಿಯಾಗಿ ಆರಿದ ಮೇಲೆ ಕುಗ್ಗುತ್ತದೆ, ನಟ್ ಮತ್ತೊಮ್ಮೆ ಸ್ವಲ್ಪ ಬಿಗಿಯಬೇಕು. ಎಷ್ಟೋ ಕಡೆ ಆ ಬಿಗಿಯುವುದನ್ನು ಬಿಟ್ಟು ಮರುದಿನ ಲೀಕ್ ಅಂತ ಫೋನ್ ಬರುತ್ತದೆ.

ಕತ್ತರಿಸಿದ ಮೇಲೆ ಕಾಲಮ್‌ನ ಹೊಸ ಉದ್ದವನ್ನು ಸಾಫ್ಟ್‌ವೇರ್‌ನಲ್ಲಿ ತುಂಬಿ. ಪೀಕ್‌ಗಳು ಸ್ವಲ್ಪ ಮೊದಲೇ ಬರುತ್ತವೆ. ಸಿಮ್ ವಿಂಡೋ (ಪ್ರತಿ ಪೀಕ್‌ನ ಅಯಾನುಗಳನ್ನು ಯಂತ್ರ ನೋಡುವ ಸಮಯ) ಸರಿಸದಿದ್ದರೆ ಅಂಚಿನಲ್ಲಿರುವ ಪೀಕ್ ಅರ್ಧ ಕತ್ತರಿಸಿಹೋಗಿ, ಮತ್ತೆ ಏರಿಯಾ ಇಳಿಯಿತು ಅಂತ ಗಾಬರಿಯಾಗುತ್ತೀರಿ.

28, 32 ಬಗ್ಗೆ: ಕಡಿಮೆ ಇದ್ದರೆ ಸರಿ. 28 ಜಾಸ್ತಿ ಇದ್ದು 32 ಅದರ ಕಾಲು ಭಾಗದಷ್ಟು ಇದ್ದರೆ ಅದು ಹೊರಗಿನ ಗಾಳಿ.

ಸಿಂಧನೂರು ವಿದ್ಯಾರ್ಥಿ

ನಾನು ಎಂಎಸ್ಸಿ ಓದುತ್ತಿದ್ದೇನೆ. ತಿಳಿಯದೆ ಕೇಳುತ್ತೇನೆ. ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕಿದ ಮೇಲೆ ಏರಿಯಾ ಏರಿದರೂ ಇಳಿದರೂ ಅನುಪಾತ ಸರಿ ಇರಬೇಕಲ್ಲ? ಹಾಗಿದ್ದರೆ ಅದನ್ನು ಹಾಕುವುದೇ ಯಾಕೆ?

ಹಳೇ ಜಿಸಿ

ಒಳ್ಳೆಯ ಪ್ರಶ್ನೆ. ಇಂಟರ್ನಲ್ ಸ್ಟ್ಯಾಂಡರ್ಡ್ ತನ್ನಂತೆಯೇ ನಡೆದುಕೊಳ್ಳುವ ಪೀಕ್‌ಗೆ ಮಾತ್ರ ಜೊತೆಗಾರ. ಸಿರಿಂಜ್ ಕಡಿಮೆ ಎಳೆಯಿತು, ವಯಲ್ ಆರಿತು, ಇಂಥದ್ದು ಎಲ್ಲರಿಗೂ ಒಂದೇ. ಅದನ್ನು ಅನುಪಾತ ಸರಿ ಮಾಡುತ್ತದೆ. ಜಿಡ್ಡಿನಲ್ಲಿ ಸಿಕ್ಕಿಬೀಳುವುದು ಎಲ್ಲರಿಗೂ ಒಂದೇ ಅಲ್ಲ. ಮೇಡಂ ಅಂಕಿಯನ್ನೇ ತಗೊಳ್ಳಿ. ಟಿಪಿಪಿ 70, ಲಿಂಡೇನ್ 96. ಅನುಪಾತ ತೆಗೆದರೆ ಲಿಂಡೇನ್ 137 ಆಗುತ್ತದೆ, ಇಲ್ಲದ ಏರಿಕೆ. ಡೆಲ್ಟಾಮೆಥ್ರಿನ್ 33 ಭಾಗ 70, ಅಂದರೆ 47, ಇನ್ನೂ ಅರ್ಧಕ್ಕಿಂತ ಕಡಿಮೆ. ಒಂದೇ ಟಿಪಿಪಿ ಎರಡೂ ತುದಿಗೆ ಸುಳ್ಳು ಹೇಳಿತು. ಹಣ ಇದ್ದರೆ ಐಸೊಟೋಪ್ ಹಾಕಿದ ಪೈರೆಥ್ರಾಯ್ಡ್ ಒಂದನ್ನು ಸೇರಿಸಬಹುದು. ಇಲ್ಲದಿದ್ದರೆ ಟಿಪಿಪಿಯ ಏರಿಯಾವನ್ನೇ ದಿನಾ ಒಂದು ಹಾಳೆಯಲ್ಲಿ ಗುರುತು ಹಾಕಿ. ಅದು ಇಳಿಯಲು ಶುರುವಾದ ಸ್ಯಾಂಪಲ್ ಯಾವುದೋ ಅಲ್ಲಿಗೆ ಲೈನರ್ ಮುಗಿಯಿತು.

ಕೀಟನಾಶಕ ಉಳಿಕೆ ಪರೀಕ್ಷೆಗಿರುವ ಯುರೋಪಿನ ಸಾಂಟೆ ಮಾರ್ಗಸೂಚಿಯಲ್ಲಿ ಸ್ಯಾಂಪಲ್‌ಗಳ ಹಿಂದೆ ಮುಂದೆ ಹಾಕುವ ಎರಡು ಸ್ಟ್ಯಾಂಡರ್ಡ್‌ಗಳ ನಡುವಿನ ವ್ಯತ್ಯಾಸ 30 ಪರ್ಸೆಂಟ್ ಮೀರಬಾರದು ಅಂತ ಇದೆ. ಈ ಭಾಗದ ಅಕ್ಕಿ, ಮೆಣಸಿನಕಾಯಿ ಹೊರದೇಶಕ್ಕೂ ಹೋಗುತ್ತವೆ. ಭತ್ತದ ಶಿಲೀಂಧ್ರನಾಶಕ ಟ್ರೈಸೈಕ್ಲಜೋಲ್‌ಗೆ ಅಲ್ಲಿನ ಮಿತಿ ಕಿಲೋಗೆ 0.01 ಮಿಲಿಗ್ರಾಂಗೆ ಇಳಿದ ಮೇಲೆ ಅಕ್ಕಿ ವ್ಯಾಪಾರಿಗಳಿಗೆ ಎಷ್ಟು ಕಷ್ಟವಾಯಿತು ಅಂತ ಗೊತ್ತಲ್ವಾ. ಅಷ್ಟು ಸಣ್ಣ ಅಂಕಿಯ ಹತ್ತಿರ ಕೆಲಸ ಮಾಡುವಾಗ ಈ ಇಳಿತ ಏರಿತ ಸುಮ್ನೆ ಬಿಡುವಂಥದ್ದಲ್ಲ.

ಗಂಗಾವತಿ ತೌಡು

ಈಗ ನನ್ನದು ಕೇಳಲಾ? ನಮ್ಮಲ್ಲಿ ಸ್ಪ್ಲಿಟ್ ಇಂಜೆಕ್ಷನ್, 1ಕ್ಕೆ 50. ಓಲಿಕ್, ಲಿನೋಲಿಕ್, ಪಾಮಿಟಿಕ್ ಪರ್ಸೆಂಟ್ ಸರಿಯಾಗೇ ಬರುತ್ತದೆ. ಆದರೆ ಒಟ್ಟು ಏರಿಯಾ ವಾರದಿಂದ ವಾರಕ್ಕೆ ಏರುತ್ತಿದೆ, ಕೆಲವೊಮ್ಮೆ ಏಕಾಏಕಿ ಇಳಿಯುತ್ತದೆ.

ಸರ್ವಿಸ್ ಬ್ಯಾಗ್

ಎಲ್ಲ ಪೀಕ್ ಒಟ್ಟಿಗೆ ಏರಿ ಇಳಿದು ಪರ್ಸೆಂಟ್ ಹಾಗೇ ಉಳಿದರೆ ಸ್ಪ್ಲಿಟ್ ದಾರಿ ನೋಡು ತಮ್ಮಾ. ಇಂಜೆಕ್ಟ್ ಮಾಡಿದ್ದರಲ್ಲಿ 50 ಪಾಲು ಹೊರಗೆ ಹೋಗುವುದು ಆ ಕೊಳವೆಯಲ್ಲೇ. ಇನ್‌ಲೆಟ್ ದಾಟಿದ ಕೂಡಲೇ ಅದು ತಣ್ಣಗಿರುತ್ತದೆ. ಎಣ್ಣೆ ಅಲ್ಲಿ ಕೂತು ದಾರಿ ಸಣ್ಣದಾಗುತ್ತದೆ. ಹೊರಗೆ ಹೋಗುವುದು ಕಡಿಮೆಯಾದರೆ ಕಾಲಮ್‌ಗೆ ಹೋಗುವುದು ಜಾಸ್ತಿ. ಸ್ಕ್ರೀನ್ ಮೇಲೆ 1ಕ್ಕೆ 50 ಅಂತ ತೋರಿಸಿದರೂ ಒಳಗೆ ಹಾಗಿರುವುದಿಲ್ಲ. ಸ್ಪ್ಲಿಟ್ ವೆಂಟ್ ಬಾಯಲ್ಲಿ ಫ್ಲೋಮೀಟರ್ ಹಿಡಿದು ಅಳೆ. ಸ್ಕ್ರೀನ್‌ನ ಅಂಕಿಗೂ ಅಳತೆಗೂ ತಾಳೆಯಾಗದಿದ್ದರೆ ಟ್ರ್ಯಾಪ್ ಬದಲಿಸಿ, ಕೊಳವೆ ತೊಳೆಯಬೇಕು.

ಎಫ್‌ಐಡಿ ಜೆಟ್ ಕೂಡ ನೋಡು. ಅಲ್ಲಿ ಬಿಳಿ ಪುಡಿ ಅಥವಾ ಮಸಿ ಕೂತರೆ ಏರಿಯಾ ಕುಣಿಯುತ್ತದೆ.

ಹಳೇ ಜಿಸಿ

ಗಂಗಾವತಿ ತಮ್ಮಾ, ಎಸ್ಟರ್ ಮಾಡುವುದು ಹೇಗೆ? ಬರೀ ಕೆಒಎಚ್-ಮೆಥನಾಲ್ ಹಾಕಿ ಅಲುಗಿಸಿ ಬಿಡುವುದಾ?

ಗಂಗಾವತಿ ತೌಡು

ಹೌದು ಸರ್, ಅದೇ.

ಹಳೇ ಜಿಸಿ

ರಿಫೈನ್ಡ್ ಎಣ್ಣೆಗೆ ಅದು ಸಾಕು. ಹಸಿ ತೌಡಿನ ಎಣ್ಣೆಗೆ ಸಾಲದು. ಭತ್ತ ಪಾಲಿಶ್ ಆದ ಗಳಿಗೆಯಿಂದ ತೌಡಿನೊಳಗಿನ ಲೈಪೇಸ್ ಎಣ್ಣೆಯನ್ನು ಒಡೆಯಲು ಶುರು ಮಾಡುತ್ತದೆ. ಮಿಲ್‌ನಲ್ಲಿ ಚೀಲ ಕೂತಷ್ಟೂ ಬಿಡಿ ಕೊಬ್ಬಿನಾಮ್ಲ ಏರುತ್ತದೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕ್ಷಾರ ಆ ಬಿಡಿ ಆಮ್ಲವನ್ನು ಎಸ್ಟರ್ ಮಾಡುವುದಿಲ್ಲ, ಸಾಬೂನು ಮಾಡುತ್ತದೆ. ಸಾಬೂನು, ಮಾರ್ಪಾಡಾಗದ ಎಣ್ಣೆ, ಮೇಣ ಎಲ್ಲ ಹೆಕ್ಸೇನ್ ಪದರದಲ್ಲಿ ಸ್ವಲ್ಪ ಸ್ವಲ್ಪ ಬಂದು ಲೈನರ್ ಸೇರುತ್ತವೆ. ಮೊದಲು ಮೆಥನಾಲಿನ ಸೋಡಾ, ಆಮೇಲೆ ಬೋರಾನ್ ಟ್ರೈಫ್ಲೋರೈಡ್ ಮೆಥನಾಲ್, ಹೀಗೆ ಎರಡು ಹಂತ ಮಾಡಿ. ಕೊನೆಗೆ ಹೆಕ್ಸೇನ್ ಪದರವನ್ನು ನೀರಿನಿಂದ ತೊಳೆದು ಸೋಡಿಯಂ ಸಲ್ಫೇಟ್ ಮೇಲೆ ಒಣಗಿಸಿ. ಸಿ17 ಎಸ್ಟರ್ ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಹಾಕಿದರೆ ಒಟ್ಟು ಏರಿಯಾದ ಕುಣಿತವೂ ಹಿಡಿತಕ್ಕೆ ಬರುತ್ತದೆ.

ಗಂಗಾವತಿ ತೌಡು

ಎಣ್ಣೆಯಲ್ಲಿ ಉಳಿದ ಹೆಕ್ಸೇನ್ ಕೂಡ ಇದೇ ಯಂತ್ರದಲ್ಲಿ ನೋಡು ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ರಿಫೈನ್ಡ್ ಎಣ್ಣೆಗೆ 5 ಪಿಪಿಎಂ ಮಿತಿ ಇದೆಯಲ್ಲ.

ಹಳೇ ಜಿಸಿ

ಹೆಡ್‌ಸ್ಪೇಸ್ ಇಲ್ಲದೆ ಒಪ್ಪಬೇಡಿ. ವಯಲ್‌ನಲ್ಲಿ ಎಣ್ಣೆ ಬಿಸಿ ಮಾಡಿ ಮೇಲಿನ ಗಾಳಿ ಮಾತ್ರ ಎಳೆಯಬೇಕು. ಎಣ್ಣೆಯ ಒಂದು ಹನಿಯೂ ಇನ್‌ಲೆಟ್‌ಗೆ ಹೋಗುವುದಿಲ್ಲ.

ಕೃಷ್ಣಾ ತೀರ

ಕಾಲಮ್ ಕತ್ತರಿಸಿದೆ. ಸೈಪರ್‌ಮೆಥ್ರಿನ್ 98, ಡೆಲ್ಟಾಮೆಥ್ರಿನ್ 97. ಬಾಲ ಹೋಗಿದೆ, ಪಕ್ಕದ ಆ ಚಿಕ್ಕ ಪೀಕ್ ಕಾಣುತ್ತಿಲ್ಲ. ತುಂಬಾ ಸಮಾಧಾನವಾಯಿತು. ಆದರೆ ಎಣ್ಣೆ ಸ್ಯಾಂಪಲ್ ಮತ್ತೆ ಹಾಕಿದರೆ ಮತ್ತೆ ಅದೇ ಆಗುತ್ತದೆ ಅಲ್ವಾ? ಈಗ ನಾವು ಮಾಡುವುದು ಹೀಗೆ: 2 ಗ್ರಾಂ ಎಣ್ಣೆ, 10 ಮಿಲಿ ಅಸಿಟೋನೈಟ್ರೈಲ್, ಅಲುಗಿಸಿ, ಸೆಂಟ್ರಿಫ್ಯೂಜ್, ಆಮೇಲೆ ಪಿಎಸ್‌ಎ (ಕೊಳೆ ಹಿಡಿಯುವ ಪುಡಿ) ಮತ್ತು ಮೆಗ್ನೀಸಿಯಂ ಸಲ್ಫೇಟ್.

ಹಳೇ ಜಿಸಿ

ಮುಖ್ಯ ಮಾತು ಇಲ್ಲಿದೆ. ಲೈನರ್ ಬದಲಿಸುವುದು ಜಿಡ್ಡು ಬಂದ ಮೇಲಿನ ಕೆಲಸ. ಜಿಡ್ಡು ಬರದಂತೆ ಮಾಡಬೇಕಾದದ್ದು ಟ್ಯೂಬ್‌ನಲ್ಲಿ. ನೀವು ಮಾಡುವಂಥ, 2003ರಲ್ಲಿ ಬಂದ ಕ್ವೆಚರ್ಸ್ ವಿಧಾನವನ್ನು ಮೂಲದಲ್ಲಿ ಹಣ್ಣು ತರಕಾರಿಗೆ ಮಾಡಿದ್ದು. ಅಲ್ಲಿ ಪಿಎಸ್‌ಎ ಸಾಕು. ಪಿಎಸ್‌ಎ ಹಿಡಿಯುವುದು ಬಿಡಿ ಕೊಬ್ಬಿನಾಮ್ಲ, ಸಕ್ಕರೆ. ತೌಡಿನ ಎಣ್ಣೆಯಲ್ಲಿ ಬಿಡಿ ಆಮ್ಲವೇ ಅಷ್ಟಿರುತ್ತದೆ, ಪಿಎಸ್‌ಎ ಬೇಗ ತುಂಬಿಹೋಗುತ್ತದೆ. ಟ್ರೈಗ್ಲಿಸರೈಡ್ ಅದಕ್ಕೆ ಅಂಟುವುದೇ ಇಲ್ಲ.

ಸೆಂಟ್ರಿಫ್ಯೂಜ್ ಆದ ಮೇಲೆ ಅಸಿಟೋನೈಟ್ರೈಲ್ ಪದರವನ್ನು ಬೇರೆ ಟ್ಯೂಬ್‌ಗೆ ತೆಗೆದು ರಾತ್ರಿ ಮೈನಸ್ 20ರಲ್ಲಿ ಇಡಿ. ಅಸಿಟೋನೈಟ್ರೈಲ್ ಗಟ್ಟಿಯಾಗುವುದಿಲ್ಲ, ಕೊಬ್ಬು ಮತ್ತು ತೌಡಿನ ಮೇಣ ತಳಕ್ಕೆ ಇಳಿಯುತ್ತವೆ. ಹೊರಗೆ ತೆಗೆದ ತಕ್ಷಣ, ತಣ್ಣಗಿರುವಾಗಲೇ ಮೇಲಿನ ದ್ರವವನ್ನು ಎಳೆಯಬೇಕು. ಟೇಬಲ್ ಮೇಲಿಟ್ಟು ಚಹಾ ಕುಡಿದು ಬಂದರೆ ಅದು ಮತ್ತೆ ಕರಗಿರುತ್ತದೆ. ನಮ್ಮ ಊರಿನ ಶೆಕೆಗೆ ಕೆಲವೇ ನಿಮಿಷ ಸಾಕು. ಆಮೇಲೆ ಪಿಎಸ್‌ಎ ಜೊತೆಗೆ ಸಿ18 (ಕೊಬ್ಬು ಹಿಡಿಯುವ ಪುಡಿ) ಸೇರಿಸಿ. ಬಜೆಟ್ ಇದ್ದರೆ ಝಿರ್ಕೋನಿಯಾ ಲೇಪದ ಪುಡಿ ಅಥವಾ ಇಎಂಆರ್ ಲಿಪಿಡ್ ಇನ್ನೂ ಚೆನ್ನಾಗಿ ಕೊಬ್ಬು ತೆಗೆಯುತ್ತವೆ.

ಒಂದು ಎಚ್ಚರ. ಬೈಫೆಂಥ್ರಿನ್, ಡಿಡಿಟಿಯಂಥವು ಅಸಿಟೋನೈಟ್ರೈಲ್‌ಗೆ ಪೂರ್ತಿ ಬರುವುದಿಲ್ಲ, ಒಂದು ಪಾಲು ಎಣ್ಣೆಯಲ್ಲೇ ಉಳಿಯುತ್ತದೆ. ಅದು ಯಂತ್ರದ ತಪ್ಪಲ್ಲ. ಟಿಪಿಪಿಯನ್ನು ಕೊನೆಗೆ ಹಾಕುತ್ತೀರಿ, ಹಾಗಾಗಿ ಈ ನಷ್ಟ ನಿಮಗೆ ಕಾಣುವುದಿಲ್ಲ. ಸರೊಗೇಟ್, ಅಂದರೆ ನಷ್ಟ ಅಳೆಯುವ ಗುರುತಿನ ವಸ್ತು, ಇನ್ನೊಂದನ್ನು ಎಣ್ಣೆ ತೂಗಿದ ಕೂಡಲೇ ಹಾಕಿ. ಎರಡೂ ಇದ್ದರೆ ಹೊರತೆಗೆಯುವಾಗ ಕಳೆದದ್ದು ಎಷ್ಟು, ಇನ್‌ಲೆಟ್‌ನಲ್ಲಿ ಕಳೆದದ್ದು ಎಷ್ಟು ಅಂತ ಬಿಡಿಸಿ ಹೇಳಬಹುದು.

ಬಳ್ಳಾರಿ ಮೆಣಸಿನಕಾಯಿ

ಬಣ್ಣ ತೆಗೆಯಲು ನಾವು ಕಾರ್ಬನ್ ಪುಡಿಯನ್ನೂ ಹಾಕುತ್ತೇವೆ.

ಹಳೇ ಜಿಸಿ

ಹಾಕಿ, ಆದರೆ ಅಳತೆ ಮೀರಬೇಡಿ. ಚಪ್ಪಟೆ ಆಕಾರದ ಅಣುಗಳನ್ನು, ಉದಾಹರಣೆಗೆ ಕ್ಲೋರೋಥಲೋನಿಲ್, ಹೆಕ್ಸಾಕ್ಲೋರೋಬೆಂಜೀನ್, ಅದು ಬಣ್ಣದ ಜೊತೆಗೇ ಹಿಡಿದುಕೊಳ್ಳುತ್ತದೆ.

ಕೃಷ್ಣಾ ತೀರ

ಮೈನಸ್ 20ರಲ್ಲಿ ರಾತ್ರಿ ಇಟ್ಟು ನೋಡಿದೆ. ಟ್ಯೂಬ್ ತಳದಲ್ಲಿ ಬಿಳಿ ಮೋಡದಂತೆ ಕೂತಿತ್ತು, ಗೋಡೆಗೂ ಪದರ ಹತ್ತಿತ್ತು. ಇಷ್ಟು ದಿನ ಅಷ್ಟನ್ನೂ ಇನ್‌ಲೆಟ್‌ಗೆ ಹಾಕುತ್ತಿದ್ದೆವು ಅನ್ನುವುದು ನೋಡಿಯೇ ಅರ್ಥವಾಯಿತು. ಸಿ18 ಕೂಡ ಸೇರಿಸಿದೆ. ಅದೇ ಮಿಲ್‌ಗಳ ಎಣ್ಣೆ ಸ್ಯಾಂಪಲ್‌ಗಳ ಪೂರ್ತಿ ಸೀಕ್ವೆನ್ಸ್ ಓಡಿಸಿದ ಮೇಲೆ ಕೊನೆಯ ಸ್ಟ್ಯಾಂಡರ್ಡ್: ಲಿಂಡೇನ್ 99, ಟಿಪಿಪಿ 95, ಡೆಲ್ಟಾಮೆಥ್ರಿನ್ 88. ಮೊದಲಿನ ಸ್ಯಾಂಪಲ್‌ಗಳಲ್ಲಿ ಉಳಿದಿದ್ದ ಎಣ್ಣೆಯನ್ನು ಮತ್ತೆ ತೂಗಿ ಓಡಿಸುತ್ತಿದ್ದೇವೆ, ವರದಿ ತಡವಾಗುತ್ತದೆ ಅಂತ ಗ್ರಾಹಕರಿಗೆ ತಿಳಿಸಿದ್ದೇವೆ.

ಈಗ ಉಳಿದಿರುವುದು ಒಂದೇ. ನಡುವೆ ಯಾವುದೋ ಒಂದು ಇಂಜೆಕ್ಷನ್‌ನಲ್ಲಿ ಎಲ್ಲ ಪೀಕ್‌ಗಳೂ ಒಟ್ಟಿಗೆ 15 ಪರ್ಸೆಂಟ್ ಬೀಳುತ್ತವೆ, ಮುಂದಿನದು ಸರಿ.

ಸರ್ವಿಸ್ ಬ್ಯಾಗ್

ಒಟ್ಟಿಗೆ ಬಿದ್ದರೆ ಸಿರಿಂಜ್. ಪ್ಲಂಜರ್ ಹೊರಗೆ ಎಳೆದು ಬೆಳಕಿಗೆ ಹಿಡಿಯಿರಿ. ಅದರ ಮೇಲೆ ಮಂಜಿನಂತೆ ಜಿಡ್ಡು ಕಂಡರೆ ಅದು ಅಲ್ಲಲ್ಲಿ ತಡೆದು ಗಾಳಿಗುಳ್ಳೆ ಎಳೆಯುತ್ತಿದೆ. ತೊಳೆಯುವ ಬಾಟಲಿ ಎರಡರಲ್ಲೂ ಅಸಿಟೋನೈಟ್ರೈಲ್ ಇಟ್ಟಿದ್ದೀರಾ? ಅದು ಎಣ್ಣೆಯನ್ನು ಸರಿಯಾಗಿ ಕರಗಿಸುವುದಿಲ್ಲ. ಒಂದರಲ್ಲಿ ಟೊಲ್ಯೂನ್ ಅಥವಾ ಅಸಿಟೋನ್ ಇಡಿ, ಇನ್ನೊಂದರಲ್ಲಿ ಅಸಿಟೋನೈಟ್ರೈಲ್. ಇಂಜೆಕ್ಷನ್ ಆದ ಕೂಡಲೇ ಮೊದಲು ಟೊಲ್ಯೂನ್, ಆಮೇಲೆ ಅಸಿಟೋನೈಟ್ರೈಲ್. ಸ್ಯಾಂಪಲ್ ಎಳೆಯುವ ಮೊದಲು ಪಂಪ್ ಮಾಡುವ ಸಂಖ್ಯೆ ಜಾಸ್ತಿ ಮಾಡಿ, ಎಳೆಯುವ ವೇಗ ಕಡಿಮೆ ಮಾಡಿ.

ಕೃಷ್ಣಾ ತೀರ

ಎರಡರಲ್ಲೂ ಅಸಿಟೋನೈಟ್ರೈಲೇ ಇದೆ. ಇವತ್ತೇ ಬದಲಿಸುತ್ತೇನೆ. ಎಲ್ಲರಿಗೂ ಮನಸಾರೆ ಧನ್ಯವಾದ. ಕೊನೆಯದಾಗಿ, ತೆಗೆದ ಲೈನರ್‌ಗಳನ್ನು ತೊಳೆದು ಮತ್ತೆ ಬಳಸಬಹುದಾ? ಒಂದೊಂದಕ್ಕೂ ದುಡ್ಡು ಜಾಸ್ತಿ, ಬರುವುದೂ ತಡ.

ಸರ್ವಿಸ್ ಬ್ಯಾಗ್

ಗಂಗಾವತಿ ತಮ್ಮನ ಕೆಲಸಕ್ಕೆ ಆಗುತ್ತದೆ, ಎಸ್ಟರ್‌ಗಳು ಅಷ್ಟು ಸೂಕ್ಷ್ಮ ಅಲ್ಲ. ನಿಮ್ಮ ಕೆಲಸಕ್ಕೆ ಬೇಡ. ಬ್ರಶ್ ಹಾಕಿ ಉಜ್ಜಿದರೆ, ಆಮ್ಲದಲ್ಲಿ ನೆನೆಸಿದರೆ ಒಳಗಿನ ನಿಷ್ಕ್ರಿಯ ಲೇಪ ಹೋಗುತ್ತದೆ. ವೂಲ್ ತೆಗೆದು ಕೈಯಿಂದ ತುರುಕಿದರೆ ಎಳೆಗಳು ಮುರಿಯುತ್ತವೆ, ಮುರಿದ ತುದಿ ಪ್ರತಿಯೊಂದೂ ಸಕ್ರಿಯ ಬಿಂದು. ಮೊದಲ ದಿನವೇ ಡೆಲ್ಟಾಮೆಥ್ರಿನ್ ಒಡೆಯುತ್ತದೆ. ತೊಳೆದ ಲೈನರ್ ಬಳಸಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಡಿಡಿಟಿ ಮತ್ತು ಎಂಡ್ರಿನ್ ಹಾಕಿ ನೋಡಿ. ಡಿಡಿಟಿಯಿಂದ ಡಿಡಿಇ, ಡಿಡಿಡಿ ಹುಟ್ಟಿದ್ದು, ಎಂಡ್ರಿನ್‌ನಿಂದ ಆಲ್ಡಿಹೈಡ್, ಕೀಟೋನ್ ಹುಟ್ಟಿದ್ದು ಯಾವುದೇ ಒಂದರಲ್ಲಿ 15 ಪರ್ಸೆಂಟ್ ದಾಟಿದರೆ ಆ ಲೈನರ್ ಹಾಕಬೇಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ವಿಧಾನದಲ್ಲಿ ಇರುವ ಮಿತಿ ಅದು, ನಮಗೂ ಸರಿ ಹೊಂದುತ್ತದೆ.